ಆರು ತಂತಿ, ಆರು ಹಳದಿ ದಾರ

ಎಪ್ಪತ್ತರ ದಶಕದ ಮಾತು. ಇಂಗಳೇಶ್ವರದಲ್ಲಿ ನಮ್ಮದೊಂದು ಹಿಟ್ಟಿನ ಗಿರಣಿ ಇತ್ತು. ಗಂಡ ಸತ್ತ ಮೇಲೆ ಅದನ್ನು ನಾನೇ ನಡೆಸುತ್ತಿದ್ದೆ. ಹೆಂಗಸು ಮೋಟಾರಿಗೆ ಬೆಲ್ಟಿನ ಪಟ್ಟಾ ಏರಿಸುವುದು ಮೈದುನನಿಗೆ ಸರಿ ಬರುತ್ತಿರಲಿಲ್ಲ. ಮೋಟಾರು ಸುಟ್ಟಾಗ ಅವನಿಗೆ ನೆಪ ಸಿಕ್ಕಿತು. ಹೊಸ ಮೋಟಾರು ತರೋಣ, ಸಂತೆಯ ಮುಂಜಾನೆಗೆ ಗಿರಣಿ ಶುರುವಾದರೆ ಅತ್ತಿಗೆಯೇ ನಡೆಸಲಿ, ಆಗದಿದ್ದರೆ ಬೇರೆಯವರಿಗೆ ವಹಿಸೋಣ ಎಂದು ಹಿರಿಯರ ಮುಂದೆ ಹೇಳಿದ. ಹಿರಿಯರು ತಲೆ ಆಡಿಸಿದರು. ಅವರು ಯಾವುದಕ್ಕೂ ತಲೆ ಆಡಿಸುತ್ತಿದ್ದರು.

ಗೋಡೆಯ ಮೇಲಿನ ಸ್ಟಾರ್ಟರಿನಿಂದ ಮೋಟಾರಿಗೆ ಆರು ತಂತಿ ಬರುತ್ತಿದ್ದವು. ಆರೂ ಕರಿಯವು. ಮೋಟಾರಿನ ಡಬ್ಬಿಯೊಳಗೆ ಆರು ಬೋಲ್ಟು, ಮೇಲೆ ಮೂರು, ಕೆಳಗೆ ಮೂರು. ಯಾವ ತಂತಿ ಯಾವ ಬೋಲ್ಟಿಗೆ ಎಂಬುದು ತಪ್ಪಿದರೆ ಹೊಸ ಮೋಟಾರೂ ಸುಡುತ್ತದೆ. ಬೋಲ್ಟಿನ ಪಕ್ಕ ಇಂಗ್ಲಿಷ್ ಅಕ್ಷರ ಇದ್ದವು. ನನಗೆ ಕನ್ನಡದ್ದೇ ಕಷ್ಟ. ಹಾಗಾಗಿ ಹಳೆಯದನ್ನು ಬಿಚ್ಚುವಾಗ, ಕೌದಿ ಹೊಲಿಯಲು ಇಟ್ಟಿದ್ದ ಗಂಟಿನಿಂದ ಆರು ಬಣ್ಣದ ಅರಿವೆ ಚೂರು ತೆಗೆದು ತಂತಿಗೊಂದರಂತೆ ಕಟ್ಟಿದೆ. ಮೇಲಿನ ಸಾಲು ಕೆಂಪು, ಹಸಿರು, ಕರಿ. ಕೆಳಗಿನದು ನೀಲಿ, ಬಿಳಿ, ಚೌಕಡಿ. ಬಾಯಿಪಾಠ ಮಾಡಿಕೊಂಡೆ.

ಸಂತೆಯ ಹಿಂದಿನ ದಿನ ಹೊಸ ಮೋಟಾರು ಬಂತು. ಪೂಜೆ ಆಗದೆ ಅದನ್ನು ಯಾರೂ ಮುಟ್ಟುವಂತಿರಲಿಲ್ಲ. ವಿಧವೆ ಪೂಜೆ ಮಾಡುವಂತಿರಲಿಲ್ಲ. ನಾನು ಹೊರಗೆ ಜೋಳ ಹಸನು ಮಾಡುತ್ತ ಕುಳಿತೆ, ಮೈದುನನ ಹೆಂಡತಿ ಒಳಗೆ ಹೋಗಿ ಪೂಜೆ ಮಾಡಿದಳು. ಒಳ್ಳೆಯ ಹೆಣ್ಣುಮಗಳು, ಕೆಲಸ ಅಚ್ಚುಕಟ್ಟು.

ಮಧ್ಯಾಹ್ನದ ಬಸ್ಸಿಗೆ ಬಾಗೇವಾಡಿಯಿಂದ ವಾಯರ್‌ಮನ್ ಬಂದ. ಅವನನ್ನು ಕರೆದುಕೊಂಡು ಒಳಗೆ ಹೋದರೆ ಆರು ತಂತಿಗೂ ಅರಿಷಿಣದ ದಾರ. ಆರೂ ಹೊಸವು, ಆರೂ ಹಳದಿ. ನನ್ನ ಚೂರುಗಳೆಲ್ಲಿ ಎಂದು ಮೈದುನನ ಹೆಂಡತಿಯನ್ನು ಕೇಳಿದೆ.

"ಹರಕ ಅರಿವಿ ಕಟ್ಟಿದ್ಯಲ್ಲ ಯಕ್ಕಾ, ಹೊಸಾ ಮಷೀನಿಗೆ ಚಂದ ಕಾಣಂಗಿಲ್ಲಂತ ಬಿಚ್ಚಿ ಒಲಿಗೆ ಹಾಕೀನಿ," ಎಂದಳು ಅವಳು.

ಅವಳು ಕಟ್ಟಿದ್ದು ನನ್ನ ಒಳ್ಳೆಯದಕ್ಕೇ. ವಾಯರ್‌ಮನ್ ತಂತಿ ಗುರುತು ಹಿಡಿಯುವ ಬ್ಯಾಟರಿ, ಬಲ್ಬು ತಂದಿರಲಿಲ್ಲ. ಬರೀ ಆರು ಬೋಲ್ಟು ಬಿಗಿಯುವ ಕೆಲಸ ಎಂದು ಹೇಳಿಕಳಿಸಿದ್ದರಂತೆ. ಹೇಳಿಕಳಿಸಿದ್ದು ನಾನೇ. ನಾಳೆ ಮಧ್ಯಾಹ್ನದ ಬಸ್ಸಿಗೆ ಬಂದು ಜೋಡಿಸುತ್ತೇನೆ ಎಂದ. ಅಷ್ಟರಲ್ಲಿ ಸಂತೆಯ ಮುಂಜಾನೆ ದಾಟಿ ಹೋಗುತ್ತಿತ್ತು. ಮೈದುನ ಬಾಗಿಲಲ್ಲಿ ನಿಂತು ಎಲೆಗೆ ಸುಣ್ಣ ಹಚ್ಚುತ್ತಿದ್ದ.

"ನಾ ಏನೂ ಅನ್ನಂಗಿಲ್ಲ, ವೈನಿ," ಎಂದ. "ದೇವರ ಮುಂದ ಆದ ಕೆಲಸ."

ನಾನು ಕೆಳಗೆ ಕೂತು ಹಳದಿ ದಾರ ಬಿಚ್ಚಿ ಒಂದೊಂದೇ ತಂತಿ ಹಿಡಿದು ನೋಡಿದೆ. ವರ್ಷಗಟ್ಟಲೆ ಒಂದೇ ಕಡೆ ದುಡಿದ ತಂತಿಗೆ ಅದರದೇ ಬಾಗು ಬಂದಿರುತ್ತದೆ. ಮೇಲಿನ ಸಾಲಿಗೆ ಹೋಗುವವು ಉದ್ದ, ಕೆಳಗಿನವು ಗಿಡ್ಡ. ಎಡಕ್ಕೆ ಹೋಗುವುದು ಕೈ ಬಿಟ್ಟರೆ ಎಡಕ್ಕೇ ಹೊರಳುತ್ತಿತ್ತು. ತಾನಾಗಿ ಎಲ್ಲಿಗೆ ಹೋಗುತ್ತದೋ ಅಲ್ಲಿಯೇ ಕೂರಿಸುತ್ತ ಹೋದೆ. ಐದು ಸಲೀಸಾಗಿ ಕೂತವು. ಆರನೆಯದಕ್ಕೆ ಉಳಿದದ್ದು ಒಂದೇ ಬೋಲ್ಟು.

"ಸುಟ್ರ ನನ್ನ ಕೇಳಬ್ಯಾಡ್ರಿ, ಅಕ್ಕಾರ," ಎಂದ ವಾಯರ್‌ಮನ್.

"ಸುಟ್ರ ನಿನ್ನ ಯಾಕ ಕೇಳ್ಲಿ? ಗಿರಣಿನ ಇರಂಗಿಲ್ಲ. ಬಿಗಿ."

ಬಿಗಿದ. ಪಟ್ಟಾ ಏರಿಸದೆಯೇ ಸ್ಟಾರ್ಟರಿನ ಹಿಡಿಕೆ ಎಳೆದ. ಮೋಟಾರು ಗುಂಯ್ ಎಂದು ತಿರುಗಿತು. ಹೊಗೆ ಬರಲಿಲ್ಲ. ಆದರೆ ಉಲ್ಟಾ ತಿರುಗಿತು. ಮೈದುನ ನಕ್ಕ. ವಾಯರ್‌ಮನ್ ನಗಲಿಲ್ಲ, ಇದು ಅವನಿಗೆ ಗೊತ್ತಿದ್ದ ರೋಗ. ಕರೆಂಟು ಬಂದ್ ಮಾಡಿ, ಕಂಬದ ಕಡೆಯಿಂದ ಬರುವ ತಂತಿಗಳಲ್ಲಿ ಎರಡನ್ನು ಅದಲುಬದಲು ಮಾಡಿದ. ಈ ಸಲ ಸರಿಯಾಗಿ ತಿರುಗಿತು. ಚಹಾ ಕುಡಿದು ಸಂಜೆಯ ಬಸ್ಸಿಗೆ ಹೋದ.

ಸಂತೆಯ ಮುಂಜಾನೆ ಹೊತ್ತು ಹುಟ್ಟುವ ಮೊದಲೇ ಬಾಗಿಲು ತೆರೆದೆ. ಗಿರಣಿ ನಿಂತು ಬಹಳ ದಿನವಾಗಿತ್ತು, ಪಾಳಿಗಿಟ್ಟ ಬುಟ್ಟಿಗಳ ಸಾಲು ಓಣಿಯ ತುದಿಯವರೆಗೆ ಇತ್ತು. ಮೈದುನ ಜೋಳದ ಚೀಲ ಹೊತ್ತು ಸೀದಾ ಒಳಗೆ ಬಂದ. ಅಲ್ಲಿಯವರೆಗೂ ಅವನ ಮನೆಯ ಜೋಳವನ್ನು ಎಲ್ಲರಿಗಿಂತ ಮೊದಲು ಬೀಸಿಕೊಡುವುದು ರೂಢಿ.

"ಪಾಳಿ ಹಚ್ಚು," ಎಂದೆ.

ಅವನು ನನ್ನ ಮುಖ ನೋಡಿದ. ಮೋಟಾರಿನ ಸಪ್ಪಳದಲ್ಲಿ ಕೇಳಿಸಲಿಲ್ಲವೇನೋ ಎಂದು ಇನ್ನೊಮ್ಮೆ ಹೇಳಿದೆ. ಚೀಲ ಹೊತ್ತುಕೊಂಡು ಓಣಿಯ ತುದಿಗೆ ಹೋಗಿ ನಿಂತ.