ನೆಲಕ್ಕಿಟ್ಟ ಪೀಶಕತ್ತಿ

ನಾನು ಚಿಕ್ಕವನಿದ್ದಾಗ ನಮ್ಮ ಮನೆಯಲ್ಲಿ ಆಟದ ಸಾಮಾನು ಇರಲಿಲ್ಲ, ಕತ್ತಿಗಳಿದ್ದವು. ಅಮ್ಮ ಊರಲ್ಲಿ ತೀರಿಹೋದ ಮೇಲೆ ಅಪ್ಪ ನನ್ನನ್ನೂ ಅಕ್ಕನನ್ನೂ ಒಮಾನಿಗೆ ಕರೆತಂದಿದ್ದರು. ನಿಜ್ವಾದಲ್ಲಿ ಖರ್ಜೂರದ ತೋಟದ ಪಕ್ಕ ಎರಡು ಕೋಣೆಯ ಮನೆ. ಅಪ್ಪನದು ಪಿಕಪ್ ಓಡಿಸುವ ಕೆಲಸ. ಜಬಲ್ ಅಖ್ದರ್ ಬೆಟ್ಟದ ಮೇಲೆ ರಸ್ತೆ ಕಡಿಯುವವರ ಕ್ಯಾಂಪಿಗೆ ಅಕ್ಕಿ, ತರಕಾರಿ, ಆಡು ಎಲ್ಲ ಅವರೇ ಒಯ್ಯುತ್ತಿದ್ದರು.

ಒಮಾನ್ ಎಂದರೆ ಬರೀ ಬಿಸಿಲು ಎಂದು ಊರಿನವರು ತಿಳಿದಿದ್ದಾರೆ. ಚಳಿಗಾಲದಲ್ಲಿ ಆ ಬೆಟ್ಟ ಹತ್ತಿ ನೋಡಬೇಕು. ಬೆಳಿಗ್ಗೆ ಬಕೆಟ್ಟಿನ ನೀರಿನ ಮೇಲೆ ಗಾಜಿನಂಥ ಪದರ ಕಟ್ಟಿರುತ್ತದೆ. ಕಬ್ಬಿಣ ಮುಟ್ಟಿದರೆ ಕಚ್ಚುತ್ತದೆ. ಅಂಥ ಕಡೆಗೆ ಕತ್ತಿಯಿಲ್ಲದೆ ಹೋಗುವವನು ಮೂರ್ಖ, ಒಂದೇ ಕತ್ತಿ ಹಿಡಿದು ಹೋಗುವವನು ಅವನಿಗಿಂತ ದೊಡ್ಡ ಮೂರ್ಖ ಎನ್ನುತ್ತಿದ್ದರು ಅಪ್ಪ. ಅದಕ್ಕೇ ಒಂದೊಂದಾಗಿ ಕೂಡಿಸಿದ್ದರು. ಸೌದೆ ಸೀಳಲು ಮರದ ಹಿಡಿಯ ಮಚ್ಚು. ಮಾಂಸಕ್ಕೆ ಅಗಲ ಅಲಗಿನ ಚೂರಿ. ಈರುಳ್ಳಿ ಹೆಚ್ಚಲು, ಚರ್ಮ ಬಿಡಿಸಲು ಊರಿಂದ ತಂದ ಗೇಣುದ್ದದ ಪೀಶಕತ್ತಿ. ಈ ಮೂರನ್ನೂ ಗೋಣಿಯ ತುಂಡಿನಲ್ಲಿ ಸುತ್ತಿ, ದಾರ ಬಿಗಿದು, ಪಿಕಪ್ಪಿನ ಸೀಟಿನ ಹಿಂದೆ ಇಡುತ್ತಿದ್ದರು. ನಾಲ್ಕನೆಯದು ಮಡಚುವ ಚೂರಿ. ಮತ್ರಾದ ಬಂದರಿನಲ್ಲಿ ಒಬ್ಬ ಹಡಗಿನವನಿಂದ ಕೊಂಡದ್ದು. ಹಿತ್ತಾಳೆಯ ಹಿಡಿ ಥಳಥಳ ಹೊಳೆಯುತ್ತಿತ್ತು. ಎಲ್ಲರಿಗೂ ಕಾಣಲಿ ಎಂದು ಅದನ್ನು ಬೆಲ್ಟಿಗೆ ಸಿಕ್ಕಿಸಿಕೊಂಡೇ ತಿರುಗುತ್ತಿದ್ದರು. ಬೆಟ್ಟಕ್ಕೆ ಹೊರಡುವ ಮುನ್ನಾದಿನ ಅದರ ಸಂದಿಗೆ ತೆಂಗಿನೆಣ್ಣೆ ಬಿಡುತ್ತಿದ್ದರು. ನಮ್ಮ ಕರಾವಳಿಯವರಿಗೆ ತಲೆಗೂ ಅದೇ ಎಣ್ಣೆ, ಕಿರುಗುಡುವ ಬಾಗಿಲಿಗೂ ಅದೇ ಎಣ್ಣೆ.

ಇನ್ನೊಂದು ಪದ್ಧತಿಯಿತ್ತು. ಕತ್ತಿಯನ್ನು ಕೈಯಿಂದ ಕೈಗೆ ಕೊಡಬಾರದು. ನೆಲಕ್ಕಿಡಬೇಕು, ಬೇಕಾದವರು ಬಗ್ಗಿ ಎತ್ತಿಕೊಳ್ಳಬೇಕು. ಕೈಗೆ ಕೊಟ್ಟರೆ ಇಬ್ಬರಿಗೂ ಜಗಳ ಹತ್ತುತ್ತದೆ. ಅಪ್ಪ ಇದನ್ನು ಒಂದು ದಿನವೂ ತಪ್ಪಿಸಿದವರಲ್ಲ. ಆದರೂ ನಮ್ಮ ಮನೆಯಲ್ಲಿ ಜಗಳಕ್ಕೇನೂ ಬರವಿರಲಿಲ್ಲ.

ಅಕ್ಕ ಒಂದು ಆಡು ಸಾಕಿದ್ದಳು. ಹಣೆಯ ಮೇಲೆ ಬಿಳಿ ಬೊಟ್ಟು ಇದ್ದದ್ದರಿಂದ ಚುಕ್ಕಿ ಎಂದು ಹೆಸರು. ತಾಯಿಯಿಲ್ಲದ ಮರಿ, ಅಕ್ಕ ಬಟ್ಟೆಯ ತುದಿಯನ್ನು ಹಾಲಿನಲ್ಲಿ ಅದ್ದಿ ಚೀಪಿಸಿ ಬದುಕಿಸಿದ್ದಳು. ಅದು ರಾತ್ರಿ ಅವಳ ಕಾಲಬುಡದಲ್ಲೇ ಮಲಗುತ್ತಿತ್ತು.

ಶಾಲೆಗೆ ಚಳಿಗಾಲದ ರಜೆ. ಅಪ್ಪ ಕ್ಯಾಂಪಿಗೆ ಒಯ್ಯಲು ಒಂದು ಹೋತವನ್ನು ಪಿಕಪ್ಪಿಗೆ ಹತ್ತಿಸಿದರು. ಆಮೇಲೆ ಚುಕ್ಕಿಯನ್ನೂ ಎಳೆದು ತಂದರು. ಅಕ್ಕ ಹಗ್ಗ ಹಿಡಿದು ನಿಂತಳು.

"ಅಪ್ಪ, ಇದು ಬೇಡ ಅಪ್ಪ."

"ಮೇಲಿನವರು ಎರಡು ಕೇಳಿದ್ರೆ ನಾನು ಎಂತ ಮಾಡ್ಲಿ? ನಿನ್ನನ್ನು ಕೊಡುದಾ?" ಎಂದು ಅಪ್ಪ ನಕ್ಕರು. "ಒಂದೇ ಸಾಕು ಅಂದ್ರೆ ವಾಪಸ್ ತರುವ. ಖಲಾಸ್."

ಹಾಗಾಗಿ ನಾವಿಬ್ಬರೂ ಜೊತೆಗೆ ಹೊರಟೆವು. ಅಕ್ಕ ಹಿಂದೆ ಆಡುಗಳ ಜೊತೆ ಕೂರುತ್ತೇನೆ ಎಂದಳು. ಹಗ್ಗಗಿಗ್ಗ ಸಿಕ್ಕಿಕೊಂಡರೆ ಬೇಕಾಗುತ್ತದೆ, ಪೀಶಕತ್ತಿ ತನ್ನ ಹತ್ತಿರ ಇರಲಿ ಎಂದು ಕೇಳಿದಳು. "ರಾಣಿ ಯುದ್ಧಕ್ಕೆ ಹೊರಟದ್ದಾ?" ಎಂದರು ಅಪ್ಪ. ಗೋಣಿಸುರುಳಿ ಸೀಟಿನ ಹಿಂದೆಯೇ ಉಳಿಯಿತು.

ಬೆಟ್ಟ ಏರಿದಂತೆ ಗಾಳಿ ಕಿವಿಯನ್ನು ಕೊಯ್ಯತೊಡಗಿತು. ಕೆಂಪು ಬಂಡೆ, ಒಣ ಮರ, ಬಾಯಿಂದ ಹೊಗೆಯ ಹಾಗೆ ಉಸಿರು. ಕ್ಯಾಂಪಿನಲ್ಲಿ ಡೀಸೆಲ್ಲಿನ, ಸುಟ್ಟ ರೊಟ್ಟಿಯ ವಾಸನೆ. ಅಡುಗೆಯವನು ಎರಡು ಆಡುಗಳನ್ನೂ ಮುಟ್ಟಿ ನೋಡಿದ. ಅಕ್ಕ ಉಸಿರು ಬಿಗಿಹಿಡಿದಿದ್ದಳು. ಅವನು ಹೋತವನ್ನು ಮಾತ್ರ ಇಳಿಸಿಕೊಂಡು, "ಬಸ್, ಏಕ್ ಕಾಫೀ ಹೈ" ಎಂದ, ಒಂದೇ ಸಾಕಂತೆ. ಅಕ್ಕ ಚುಕ್ಕಿಯ ಕೊರಳಿಗೆ ಜೋತುಬಿದ್ದು ನಕ್ಕಳು. ಅಮ್ಮ ಹೋದ ಮೇಲೆ ಅವಳು ಹಾಗೆ ನಕ್ಕದ್ದನ್ನು ನಾನು ನೋಡಿದ್ದು ಅಂದೇ.

ಇಳಿಯುವಾಗ ಒಂದು ತಿರುವಿನಲ್ಲಿ ಅಪ್ಪ ಬೀಡಿ ಸೇದಲೆಂದು ಪಿಕಪ್ ನಿಲ್ಲಿಸಿದರು. ಕಣಿವೆಯ ಅಂಚಿಗೆ ತಾಗಿಸಿಯೇ ನಿಲ್ಲಿಸಿದ್ದರು. ಆಗ ಮೇಲೆಲ್ಲೋ ಬಂಡೆ ಒಡೆಯುವ ಮದ್ದು ಸಿಡಿಯಿತು. ಬೆಟ್ಟವೇ ನಡುಗಿತು. ಚುಕ್ಕಿ ಬೆದರಿ ಕಣಿವೆಯ ಕಡೆಗೆ ಹಾರಿತು. ಕೊರಳಿನ ಹಗ್ಗ ಪಿಕಪ್ಪಿನ ಕಂಬಿಗೆ ಕಟ್ಟಿದ್ದರಿಂದ ಕೆಳಗೆ ಬೀಳಲಿಲ್ಲ, ಅರ್ಧದಲ್ಲೇ ನೇತಾಡಿತು. ಆ ಬದಿಯಲ್ಲಿ ನಿಂತು ಎತ್ತಿಹಿಡಿಯಲು ಕಾಲಿಡುವಷ್ಟೂ ಜಾಗವಿಲ್ಲ. ಅಕ್ಕ ಮೇಲಿಂದ ಎಳೆದಷ್ಟೂ ಕುಣಿಕೆ ಬಿಗಿಯಿತು. ಹಗ್ಗ ಕಡಿದರೆ ಸಾಕಿತ್ತು. ಕೆಳಗೆ ಆಳೆತ್ತರದಲ್ಲಿ ಮಣ್ಣಿನ ರಾಶಿಯಿತ್ತು, ಅದರ ಮೇಲೆ ಬಿದ್ದು ಬದುಕಿಕೊಳ್ಳುತ್ತಿತ್ತು.

ಅಪ್ಪ ಬೆಲ್ಟಿನಿಂದ ಚೂರಿ ಎಳೆದರು. ಅದು ಬಿಚ್ಚಲಿಲ್ಲ. ಉಗುರು ಹಾಕಿ ಮೀಟಿದರು. ಹಲ್ಲಿನಿಂದ ಕಚ್ಚಿ ಎಳೆದರು. ಬಿಚ್ಚಲಿಲ್ಲ.

"ಪೀಶಕತ್ತಿ ಕೊಡಿ ಅಪ್ಪ! ಪೀಶಕತ್ತಿ!"

"ಬಾಯಿ ಮುಚ್ಚು, ಇದು ಬಿಚ್ಚುತ್ತದೆ."

ನಾನು ಓಡಿ ಸೀಟಿನ ಹಿಂದಿನ ಗೋಣಿಸುರುಳಿ ತೆಗೆದೆ. ಮರಗಟ್ಟಿದ ಬೆರಳಿಗೆ ದಾರದ ಗಂಟು ಸಿಗಲೇ ಇಲ್ಲ, ಬಾಯಿಯಿಂದ ಹರಿದೆ. ಪೀಶಕತ್ತಿ ಹಿಡಿದು ಬರುವಷ್ಟರಲ್ಲಿ ಚುಕ್ಕಿಯ ಕಾಲು ಒದೆಯುವುದು ನಿಂತಿತ್ತು. ಅಕ್ಕ ಹಗ್ಗ ಬಿಟ್ಟಿರಲಿಲ್ಲ. ಅವಳ ಅಂಗೈಯಿಂದ ರಕ್ತ ಇಳಿಯುತ್ತಿತ್ತು.

ಅದುವರೆಗೆ ಚೂರಿಯನ್ನೇ ಮೀಟುತ್ತಿದ್ದ ಅಪ್ಪ ಈಗ ಎರಡೂ ಕೈ ಹಾಕಿ ಆಡನ್ನು ಮೇಲಕ್ಕೆಳೆದು ರಸ್ತೆಗೆ ಹಾಕಿದರು. ಆಮೇಲೆ ಚೂರಿಯನ್ನು ಬಿಸಿಯಿದ್ದ ಬಾನೆಟ್ಟಿನ ಮೇಲಿಟ್ಟು ಇನ್ನೊಂದು ಬೀಡಿ ಹಚ್ಚಿದರು. ಬೀಡಿ ಮುಗಿದಾಗ ಚೂರಿ ಎತ್ತಿ ಬಿಚ್ಚಿದರು. ಟಕ್ ಎಂದು ಬಿಚ್ಚಿಕೊಂಡಿತು. ಸಂದಿಯಲ್ಲಿ ಬಿಳಿಯ ಮೇಣದ ಹಾಗೆ ತೆಂಗಿನೆಣ್ಣೆ ಗಟ್ಟಿಯಾಗಿತ್ತು, ಅರ್ಧ ಕರಗಿತ್ತು. ಎಣ್ಣೆ ಬಿಟ್ಟದ್ದು ಯಾರು ಎಂದು ಮೂವರಿಗೂ ಗೊತ್ತಿತ್ತು.

ಅಪ್ಪ ಅಕ್ಕನ ಕಡೆ ತಿರುಗಿದರು. "ಎಣ್ಣೆಬಾಟ್ಲಿ ತಂದುಕೊಟ್ಟದ್ದು ನೀನಲ್ವಾ?"

ಪೆಟ್ಟು ಬಿತ್ತು. ಅಕ್ಕ ಅಳಲಿಲ್ಲ. ಅದಕ್ಕೆ ಅಪ್ಪನಿಗೆ ಇನ್ನೂ ಸಿಟ್ಟು ಬಂತು. ಹಲಾಲ್ ಮಾಡದೆ ಸತ್ತ ಆಡನ್ನು ಕ್ಯಾಂಪಿನವರು ಮುಟ್ಟುವುದಿಲ್ಲ. "ಚರ್ಮವನ್ನಾದ್ರೂ ಬಿಟ್ಟು ಹೋಗ್ಲಿಕ್ಕೆ ಉಂಟಾ?" ಎಂದು, ನನ್ನಿಂದ ಪೀಶಕತ್ತಿಯನ್ನು ನೆಲಕ್ಕಿಡಿಸಿ ಎತ್ತಿಕೊಂಡು, ಅಕ್ಕನ ಕಾಲಬುಡದಲ್ಲಿ ಇಟ್ಟರು. "ಬೆಳಿಗ್ಗೆ ಕೇಳಿದ್ದಲ್ಲ ರಾಣಿ? ಈಗ ತಗೋ."

ಅಕ್ಕ ಬಗ್ಗಿ ಎತ್ತಿಕೊಂಡಳು. ನಾನು ಕಾಲು ಹಿಡಿದೆ, ಅವಳು ಕೊಯ್ದಳು. ಒಂದು ಮಾತು ಹೇಳುತ್ತೇನೆ, ನಿಮಗೆ ಹೇಸಿಗೆಯಾಗಬಹುದು. ಆ ದಿನವಿಡೀ ಚಳಿಗೆ ಕಲ್ಲಾಗಿದ್ದ ನಮ್ಮ ಬೆರಳುಗಳಿಗೆ ಮೊದಲ ಬಿಸಿ ಸಿಕ್ಕಿದ್ದು ಚುಕ್ಕಿಯ ಚರ್ಮದ ಒಳಗೆ. ಹಿತವಾಗಿತ್ತು. ಇಬ್ಬರೂ ಕೈ ತೆಗೆಯದೆ ಸ್ವಲ್ಪ ಹೊತ್ತು ಹಾಗೇ ಇದ್ದೆವು.

ಕೆಲಸ ಮುಗಿಯಿತು. ಅಕ್ಕ ಕತ್ತಿಯನ್ನು ತನ್ನ ಲಂಗಕ್ಕೆ ಒರೆಸಿದಳು. ಅಪ್ಪ ಕೈ ಚಾಚಿದರು. "ತಾ ಇಲ್ಲಿ."

"ಕೈಯಿಂದ ಕೈಗೆ ಕೊಡಬಾರದಲ್ಲ ಅಪ್ಪ" ಎಂದಳು ಅಕ್ಕ. ಕತ್ತಿಯನ್ನು ತನ್ನ ಕಾಲಬುಡದಲ್ಲೇ ಇಟ್ಟು ನೆಟ್ಟಗೆ ನಿಂತಳು. "ತಗೊಳ್ಳಿ."

ಅಪ್ಪ ಅವಳ ಮುಖ ನೋಡಿದರು, ಕತ್ತಿ ನೋಡಿದರು. ಅದು ಬೇಕಿದ್ದರೆ ಮಗಳ ಕಾಲಬುಡಕ್ಕೆ ಬಗ್ಗಬೇಕಿತ್ತು. ಅವರು ಬಗ್ಗಲಿಲ್ಲ. "ಯಲ್ಲಾ, ಹತ್ತಿ" ಎಂದು ಪಿಕಪ್ ಚಾಲೂ ಮಾಡಿದರು. ಅಕ್ಕ ಕತ್ತಿ ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಆವತ್ತಿನಿಂದ ಅದು ಅವಳದು. ಮದುವೆಯಾಗಿ ಊರಿಗೆ ಹೊರಟ ದಿನ ಅದನ್ನು ನನ್ನ ಮುಂದೆ ನೆಲಕ್ಕಿಟ್ಟು ಹೋದಳು.

ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು. ಹಮ್ರಿಯಾದ ಹಾರ್ಡ್‌ವೇರ್ ಅಂಗಡಿಯನ್ನು ಈ ಎರಡು ಕೈಯಿಂದ ಕಟ್ಟಿದ್ದೇನೆ, ಕತ್ತಿಯ ವಿಷಯ ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಅಲ್ ಖುವೈರಿನ ಫ್ಲ್ಯಾಟಿನಲ್ಲಿರುವ ನನ್ನ ಮೊಮ್ಮಕ್ಕಳು ಚಳಿಗಾಲದಲ್ಲಿ ಅದೇ ಬೆಟ್ಟಕ್ಕೆ ಕ್ಯಾಂಪಿಂಗ್ ಹೋಗುತ್ತಾರೆ. ನಾವು ನಡುಗಿದ ಜಾಗದಲ್ಲಿ ಇವರು ನಡುಗುವುದಕ್ಕೆಂದೇ ಹೋಗುತ್ತಾರೆ. ಆನ್‌ಲೈನಿನಲ್ಲಿ ತರಿಸಿದ ಚೂರಿಗಳನ್ನು ಸ್ಪಂಜಿನ ಡಬ್ಬಿಯಲ್ಲಿ ಮಲಗಿಸಿಟ್ಟಿದ್ದಾರೆ. ಹಿಡಿ ಮುಂದೆ ಮಾಡಿ ಕೈಯಿಂದ ಕೈಗೆ ಕೊಟ್ಟು ಥ್ಯಾಂಕ್ಯೂ ಎನ್ನುತ್ತಾರೆ. ಮಡಚುವ ಚೂರಿಯನ್ನು ಅಂಗಿಯೊಳಗೆ ಬೆಚ್ಚಗೆ ಇಟ್ಟುಕೊಳ್ಳಿ, ತೆಂಗಿನೆಣ್ಣೆ ಮುಟ್ಟಿಸಬೇಡಿ ಎಂದರೆ, "ಅಜ್ಜ, ಅದಕ್ಕೆ ಬೇರೆ ಆಯಿಲ್ ಉಂಟು" ಎಂದು ನಗುತ್ತಾರೆ. ಈ ಕಥೆ ಹೇಳಿದಾಗ ಚಿಕ್ಕವಳು ಕೇಳಿದಳು, "ಮುತ್ತಜ್ಜ ಒಂದು ಸಲ 'ಸಾರಿ' ಅಂತ ಹೇಳಿದ್ರೆ ಮುಗೀತಿತ್ತಲ್ಲ?"

ಮುಗಿಯುತ್ತಿತ್ತೋ ಏನೋ. ನಮ್ಮ ಮನೆಯಲ್ಲಿ ಆ ಮಾತು ಯಾರ ಬಾಯಲ್ಲೂ ಇರಲಿಲ್ಲ.

ದೊಡ್ಡವನಿಗೆ ಈಗ ಅಕ್ಕನ ಪೀಶಕತ್ತಿ ಬೇಕಂತೆ, ಅವನ ಡಬ್ಬಿಯಲ್ಲಿ ಒಂದು ಜಾಗ ಖಾಲಿ ಉಂಟಂತೆ. ನಿನ್ನೆ ಬಂದು ಕೈ ಚಾಚಿದ. ಮಸೆದು ಮಸೆದು ಎಲೆಯಷ್ಟು ತೆಳ್ಳಗಾಗಿರುವ ಅದನ್ನು ತಂದು ನನ್ನ ಕಾಲಬುಡದಲ್ಲಿ ನೆಲಕ್ಕಿಟ್ಟಿದ್ದೇನೆ. ಬೇಕಾದವನು ಬಗ್ಗಲಿ.