ಚಿಕ್ಕಣ್ಣನ ಬಿಯರ್‌ಗೆ ನೊರೆ ನಿಂತದ್ದು

ಐರ್ಲೆಂಡಿನ ಮೇನೂತ್ ಪಟ್ಟಣದ ಆ ಬೀದಿಯಲ್ಲಿ ಚಿಕ್ಕಣ್ಣನಷ್ಟು ಶುದ್ಧವಾದ ಮನುಷ್ಯ ಇನ್ನೊಬ್ಬನಿರಲಿಲ್ಲ. ಇದ್ದರೂ ಆತ ತನ್ನ ಶುದ್ಧಿಯ ಬಗ್ಗೆ ಇಷ್ಟೊಂದು ಮಾತಾಡುತ್ತಿರಲಿಲ್ಲ. ತುಮಕೂರಿನವನು, ವಯಸ್ಸು ನಲವತ್ತಾರು, ಗ್ರ್ಯಾಂಡ್ ಕೆನಾಲ್ ಡಾಕ್‌ನ ಕಂಪನಿಯೊಂದರಲ್ಲಿ ಸಾಫ್ಟ್‌ವೇರ್ ಟೆಸ್ಟರ್. ಬೇರೆಯವರು ಮಾಡಿದ್ದರಲ್ಲಿ ತಪ್ಪು ಹುಡುಕುವುದೇ ಕಸುಬು. ಆ ಕಸುಬನ್ನು ಅವನು ಆಫೀಸಿನಲ್ಲೇ ಬಿಟ್ಟು ಬಂದಿದ್ದರೆ ಹೆಂಡತಿ ಶಾಂತಾ ಸುಖವಾಗಿರುತ್ತಿದ್ದಳು.

ಮನೆಯಲ್ಲೇ ಬಿಯರ್ ಮಾಡುವ ಹುಚ್ಚು ಅವನಿಗೆ ಹತ್ತಿ ಮೂರು ವರ್ಷವಾಗಿತ್ತು. ಬಿಯರ್ ಮಾಡುವುದೆಂದರೆ ಮುಕ್ಕಾಲು ಪಾಲು ಪಾತ್ರೆ ತೊಳೆಯುವ ಕೆಲಸ. ಬಾಟಲಿಗೆ ಒಂದು ಕ್ರಿಮಿ ಸೇರಿದರೂ ವಾರಗಟ್ಟಲೆ ಪಟ್ಟ ಶ್ರಮ ಹುಳಿ ಮಜ್ಜಿಗೆ. ಅದಕ್ಕೆ ಚಿಕ್ಕಣ್ಣ ಶನಿವಾರ ಬೆಳಿಗ್ಗೆ ಸ್ನಾನ ಮುಗಿಸಿ, ಬಾತ್‌ಟಬ್ಬಿಗೆ ನೀರು ತುಂಬಿ, ಸ್ಯಾನಿಟೈಸರ್ ಅಳೆದು ಸುರಿದು, ನಲವತ್ತು ಬಾಟಲಿ, ಕೊಳವೆ, ಲಾಳಿಕೆ ಎಲ್ಲವನ್ನೂ ಮುಳುಗಿಸುತ್ತಿದ್ದ. ಗಡಿಯಾರ ನೋಡಿಕೊಂಡು ಎತ್ತಿ ಬೋರಲು ನಿಲ್ಲಿಸುತ್ತಿದ್ದ. ಆಮೇಲೆ ಅದನ್ನು ಯಾರಾದರೂ ಮುಟ್ಟಿದರೆ ಮನೆಯಲ್ಲಿ ರಾಮಾಯಣ.

ಇಷ್ಟಾದರೂ ನೊರೆ ನಿಲ್ಲುತ್ತಿರಲಿಲ್ಲ. ರುಚಿಗೇನೂ ಮೋಸವಿಲ್ಲ. ಆದರೆ ಗ್ಲಾಸಿಗೆ ಸುರಿದ ಮೇಲೆ ಹತ್ತು ಎಣಿಸುವಷ್ಟರಲ್ಲಿ ನೊರೆ ಮಾಯ. ಐರ್ಲೆಂಡಿನವರು ಇಂಥದ್ದಕ್ಕೆಲ್ಲ ಮುಖಕ್ಕೆ ಹೊಡೆದಂತೆ ಹೇಳುವ ಜನವಲ್ಲ. "ಗ್ರ್ಯಾಂಡ್, ಗ್ರ್ಯಾಂಡ್" ಅನ್ನುತ್ತ ಗ್ಲಾಸನ್ನು ಮೆಲ್ಲಗೆ ಕೆಳಗಿಡುತ್ತಾರೆ.

ನೊರೆಗೆ ಜಿಡ್ಡೇ ಶತ್ರು ಎಂದು ಚಿಕ್ಕಣ್ಣ ಎಲ್ಲೋ ಓದಿದ. ಓದಿದ್ದೇ ತಡ, ಅವನ ಕಣ್ಣು ಅಡುಗೆಮನೆಯ ಕಡೆ ಹೋಯಿತು. ಕುಣಿಯಲಾರದವಳಿಗೆ ನೆಲ ಡೊಂಕು.

"ನಿನ್ನ ಒಗ್ಗರಣೆ ಹೊಗೇಲೇ ಎಣ್ಣೆ ಐತೆ ಕಣೆ. ಅದು ಬಾಟ್ಲಿಗೆ ಅಂಟ್ಕೊಳ್ತೈತೆ."

"ಅಡುಗೆಮನೆ ಕೆಳಗೆ, ನಿಮ್ಮ ಬಾಟ್ಲಿ ಮೇಲೆ. ಹೊಗೆ ಮೆಟ್ಲು ಹತ್ಕೊಂಡು ಬರುತ್ತೇನ್ರೀ?"

"ಹೊಗೆ ಇನ್ನೆಲ್ಲಿಗೆ ಹೋಗುತ್ತೆ? ಮೇಲಕ್ಕೇ!"

ಅಂದಿನಿಂದ ಒಗ್ಗರಣೆ ಬಂದ್. ವಾರವಿಡೀ ಯೂನಿವರ್ಸಿಟಿ ಲೈಬ್ರರಿಯಲ್ಲಿ ದುಡಿದು ಬಂದು, ಸಾಸಿವೆಯ ಸದ್ದಿಲ್ಲದ ಸಪ್ಪೆ ಸಾರನ್ನು ಶಾಂತಾ ಎಂಟು ತಿಂಗಳು ಉಂಡಳು. ಪಾಪದ ಹೆಂಗಸು. ನಾನಾಗಿದ್ದರೆ ಎಂಟು ದಿನಕ್ಕೇ ಆ ಟಬ್ಬನ್ನು ಬೀದಿಗೆಸೆದುಬಿಡುತ್ತಿದ್ದೆ.

ಆಗಲೇ ಪಕ್ಕದ ಮನೆಯ ಶೇಮಸ್ ಒಂದು ಮಾತು ಕೇಳಿದರು. ಹಳ್ಳಿಹಳ್ಳಿ ತಿರುಗಿ ಹಾಲಿನ ಡೇರಿಗಳ ಪಾತ್ರೆ ತಪಾಸಣೆ ಮಾಡಿ ನಿವೃತ್ತರಾದ ಮನುಷ್ಯ. ತಮ್ಮ ಎಪ್ಪತ್ತನೇ ಹುಟ್ಟುಹಬ್ಬಕ್ಕೆ ಚಿಕ್ಕಣ್ಣನ ಬಿಯರೇ ಬೇಕು ಎಂದರು. ಚಿಕ್ಕಣ್ಣ ಒಂಬತ್ತು ವರ್ಷದಿಂದ ಆ ಬೀದಿಯಲ್ಲಿದ್ದರೂ, ಗುಡ್ ಮಾರ್ನಿಂಗ್ ಬಿಟ್ಟು ಬೇರೇನನ್ನೂ ಅವನಿಂದ ಯಾರೂ ಕೇಳಿರಲಿಲ್ಲ. ಚಿಕ್ಕಣ್ಣ ನಿಂತಲ್ಲೇ ಒಪ್ಪಿಕೊಂಡ. ಇಡೀ ಬೀದಿಯ ಮುಂದೆ ನೊರೆ ಸತ್ತರೆ ಗತಿಯೇನು ಎಂದು ಆ ವಾರ ಅವನಿಗೆ ಊಟವೂ ಸೇರಲಿಲ್ಲ.

ಬಾಟಲಿ ತುಂಬುವ ಶನಿವಾರ ಬಂತು. ಶಾಂತಾ ಪೇಟೆಗೆ ಹೋಗಿದ್ದಳು. ಕೈಜೋಡಿಸಲು ಶೇಮಸ್ ಹೇಳಿದ್ದಕ್ಕಿಂತ ಒಂದು ಗಂಟೆ ಮುಂಚೆಯೇ ಬಂದು ಬೆಲ್ ಒತ್ತಿದರು. ಬಾಗಿಲು ತೆರೆದ ಚಿಕ್ಕಣ್ಣ ಟವೆಲ್ ಸುತ್ತಿಕೊಂಡಿದ್ದ. ನೆತ್ತಿಯಿಂದ ಹರಳೆಣ್ಣೆ ಹುಬ್ಬಿಗೆ, ಹುಬ್ಬಿನಿಂದ ಮೂಗಿಗೆ ಇಳಿಯುತ್ತಿತ್ತು. ಶನಿವಾರದ ಎಣ್ಣೆಸ್ನಾನವನ್ನು ಹುಟ್ಟಿದಾಗಿನಿಂದ ತಪ್ಪಿಸಿದವನಲ್ಲ.

ಸೀಗೆಪುಡಿ ಉಜ್ಜಿ ಸ್ನಾನ ಮುಗಿಸಿ ಅವರನ್ನು ಮೇಲಕ್ಕೆ ಕರೆದ. ಟಬ್ಬಿಗೆ ಬಿಸಿನೀರು ಸುರಿದು, ಸ್ಯಾನಿಟೈಸರ್ ಬೆರೆಸಿ, ಮೊದಲ ಬಾಟಲಿಯನ್ನು ಕೈಗೆತ್ತಿಕೊಂಡ. ಶೇಮಸ್ ಟಬ್ಬಿನ ಅಂಚಿಗೆ ಒಂದು ಬೆರಳು ಎಳೆದರು. ಬೆರಳು ಜಾರಿತು. ನೀರಿನ ಮೇಲೆ ತೆಳುವಾಗಿ ಬಣ್ಣಬಣ್ಣದ ಪೊರೆ ತೇಲುತ್ತಿತ್ತು.

"ಈಗ ಎಣ್ಣೆ ಹಚ್ಕೊಂಡು ಸ್ನಾನ ಮಾಡಿದ್ದು ಇದರಲ್ಲೇನಾ?"

"ಹೌದು. ಆದ್ರೆ ಸ್ಯಾನಿಟೈಸರ್ ಹಾಕಿದೀನಲ್ಲ."

"ಅದು ಕ್ರಿಮಿ ಕೊಲ್ಲುತ್ತಪ್ಪ, ಜಿಡ್ಡು ತೆಗೆಯಲ್ಲ. ಮೊದಲು ಸೋಪು, ಆಮೇಲೆ ಸ್ಯಾನಿಟೈಸರ್."

ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದಂತಾಗಿತ್ತು ಚಿಕ್ಕಣ್ಣನ ಕತೆ. ಟಬ್ ಖಾಲಿ ಮಾಡಿದ. ಬಾಟಲಿಗಳನ್ನು ಕೆಳಗಿನ ಸಿಂಕಿಗೆ ಹೊತ್ತೊಯ್ದು, ಸೋಪು ಹಾಕಿ ತಿಕ್ಕಿ, ಜಾಲಿಸಿ, ಹೊಸ ಬಕೆಟ್ಟಿನಲ್ಲಿ ಸ್ಯಾನಿಟೈಸರ್ ಕಲಸಿ ಅದ್ದಿದ. ಕೊನೆಗೆ ಮೆಲ್ಲಗೆ, "ಶಾಂತಾಗೆ ಮಾತ್ರ ಹೇಳ್ಬೇಡಿ" ಎಂದ. ಶೇಮಸ್ ಸೂರು ನೋಡಿದರು.

ಆರು ವಾರ ಕಳೆಯಿತು. ಹುಟ್ಟುಹಬ್ಬದ ದಿನ ಶೇಮಸ್ ಅವರ ಹಿತ್ತಲಲ್ಲಿ, ಮಧ್ಯಾಹ್ನದ ಬಿಸಿಲಲ್ಲಿ ಮೊದಲ ಬಾಟಲಿ ತೆರೆಯಿತು. ನೊರೆ ಎರಡು ಬೆರಳೆತ್ತರ ಎದ್ದಿತು, ಎದ್ದದ್ದು ಹಾಗೇ ನಿಂತಿತು. ಜನ ಹೋ ಎಂದರು. ಗುಟ್ಟೇನೆಂದು ಯಾರೋ ಕೇಳಿದರು. ಶಾಂತಾ ಮುಂದೆ ಬಂದು, ಈ ನೊರೆಗೋಸ್ಕರ ತಾನು ಒಂಬತ್ತೂವರೆ ತಿಂಗಳಿಂದ ಒಗ್ಗರಣೆಯನ್ನೇ ಹಾಕಿಲ್ಲ ಎಂದು ಇಂಗ್ಲಿಷಿನಲ್ಲಿ ಹೆಮ್ಮೆಯಿಂದ ಹೇಳಿದಳು. ಎಲ್ಲರೂ ಅವಳಿಗೆ ಚಪ್ಪಾಳೆ ತಟ್ಟಿದರು. ಶೇಮಸ್ ಮಾತ್ರ ತಟ್ಟಲಿಲ್ಲ, ಚಿಕ್ಕಣ್ಣನನ್ನೇ ನೋಡುತ್ತ ನಿಂತರು.

ಸುಮ್ಮನಿದ್ದರೆ ಮುಗಿದುಹೋಗುತ್ತಿತ್ತು. ಆದರೆ ಅವಳ ಅರಳಿದ ಮುಖ ನೋಡಿ ಚಿಕ್ಕಣ್ಣನಿಗೆ ನಾಚಿಕೆಯಾಯಿತು, ನಿಜವಾದ ನಾಚಿಕೆ.

"ಶಾಂತಾ, ನಿನ್ನ ಒಗ್ಗರಣೆ ಅಲ್ಲ ಕಣೆ. ನನ್ನ ತಲೆಗೆ ಹಚ್ಕೊಳ್ಳೋ ಹರಳೆಣ್ಣೆ. ಟಬ್ಬಿನಲ್ಲಿತ್ತು."

ಅವಳು ನಗಲಿಲ್ಲ. "ಯಾವಾಗ ಗೊತ್ತಾಯ್ತು?"

"ಬಾಟ್ಲಿ ತುಂಬಿದ ದಿನ."

"ಅಂದ್ರೆ ಆರು ವಾರ ಗೊತ್ತಿದ್ದೂ ನಂಗೆ ಸಪ್ಪೆ ಸಾರು ಉಣ್ಣಿಸಿದ್ರಿ."

ಗ್ಲಾಸನ್ನು ಅವನ ಕೈಗೆ ಕೊಟ್ಟು ಅವಳು ಮನೆಗೆ ಹೋದಳು. ಸ್ವಲ್ಪ ಹೊತ್ತಿಗೆ ಬೇಲಿಯಾಚೆಯಿಂದ ಸಾಸಿವೆ ಚಟಪಟಗುಟ್ಟಿತು. ಇಂಗು, ಕರಿಬೇವು, ಒಣಮೆಣಸಿನಕಾಯಿಯ ಘಾಟು ಹಿತ್ತಲಿಗೆಲ್ಲ ಹರಡಿ ಜನ ಒಬ್ಬೊಬ್ಬರಾಗಿ ಸೀನತೊಡಗಿದರು. ಚಿಕ್ಕಣ್ಣ ಎರಡೂ ಗ್ಲಾಸನ್ನು ಮೇಜಿನ ಮೇಲಿಟ್ಟು, ಶೇಮಸ್‌ಗೂ ಹೇಳದೆ, ಸೀನುತ್ತಲೇ ಮನೆ ಕಡೆ ಓಡಿದ.