ಕೋಸಿನ ಹುಳುಗಳ ಸೋಮವಾರ

ಅಂದು ಸೋಮವಾರ. ಹಾಲು ಉಕ್ಕುವ ಮುಂಚೆ ಗ್ಯಾಸ್ ಆರಿಸಿ, ಮೆಟ್ರೋಗೆ ಹೊರಟಿದ್ದ ಯಜಮಾನರ ಡಬ್ಬಿಗೆ ಚಿತ್ರಾನ್ನ ತುಂಬಿದೆ. ಹಾವೇರಿ ಕಡೆಯ ನಮ್ಮತ್ತೆ ಎಡಗೈಯಲ್ಲಿ ಲಿಂಗವಿಟ್ಟುಕೊಂಡು ಪೂಜೆಗೆ ಕುಳಿತಿದ್ದರು. ಸೋಮವಾರ ಅವರದು ಒಪ್ಪತ್ತು; ರಾತ್ರಿ ಒಂದೇ ಊಟ.

ಕಾಡುಗೋಡಿಯ ಈ ಬಾಡಿಗೆ ಮನೆಯ ತಾರಸಿಯಲ್ಲಿ ಅತ್ತೆ ಬೀಜ ಹಾಕಿ ಎಬ್ಬಿಸಿದ ಎಲೆಕೋಸಿತ್ತು. ಮೊದಲ ಕೋಸಿನ ಪಲ್ಯವನ್ನು ಕೆಳಗಿನ ಓನರ್ ಆಂಟಿಗೆ ಕೊಡುವುದಾಗಿ ಮಾತು ಕೊಟ್ಟಿದ್ದರು. ಆದರೆ ಗಡ್ಡೆ ಕಟ್ಟುವ ಹೊತ್ತಿಗೆ ಹಸಿರು ಹುಳು ಬಿದ್ದು ಎಲೆಗಳು ಜರಡಿಯಾಗತೊಡಗಿದವು. ನರ್ಸರಿಯವರು ಹುಳುವಿಗೆಂದು ಬಿಟಿ ಪುಡಿ ಕೊಟ್ಟು, ಬಿಸಿಲಿಗೆ ಕೆಡುತ್ತದೆ, ಸಂಜೆ ಸಿಂಪಡಿಸಿ ಎಂದಿದ್ದರು.

"ವಿಷ ಹೊಡದದ್ದು ನಾ ತಿನ್ನಂಗಿಲ್ಲವ್ವಾ," ಎಂದು ಅತ್ತೆ ಹಟ ಹಿಡಿದರು.

ಅದು ಮಣ್ಣಿನ ಬ್ಯಾಕ್ಟೀರಿಯಾ ಮಾಡುವ ಪ್ರೋಟೀನಿನ ಹರಳು, ಮೈಗೆ ತಾಗಿದರೆ ಹುಳುವಿಗೂ ಏನೂ ಆಗದು, ಎಲೆಯೊಂದಿಗೆ ತಿನ್ನಬೇಕು ಎಂದೆ. ಹುಳುವಿನ ಕರುಳಿನಲ್ಲಿ ಸೋಪಿನ ನೀರಿನಂಥ ಕ್ಷಾರ. ಅದರಲ್ಲಿ ಹರಳು ಕರಗಿ, ಕರುಳಿನ ಗೋಡೆಗೆ ಅಂಟಿ ತೂತು ಮಾಡುತ್ತದೆ. ನಮ್ಮ ಹೊಟ್ಟೆಯಲ್ಲಿರುವುದು ಆಮ್ಲ. ಅಲ್ಲಿ ಅದು ಬೇಳೆಯ ಹಾಗೆ ಅರಗಿಹೋಗುತ್ತದೆ. ಕಾನ್ವೆಂಟಿನಲ್ಲಿ ಸಿಸ್ಟರ್ ಬರೆಸಿದ್ದ ಜಠರದ ಚಿತ್ರವನ್ನೇ ಗಾಳಿಯಲ್ಲಿ ಬರೆದು ತೋರಿಸಿದೆ.

"ಹಂಗಾದ್ರ ನಂದು ಬರೇ ಆಸಿಡಿಟಿ ಹೊಟ್ಟಿ. ನಾ ಅಂತೂ ಸಾಯಂಗಿಲ್ಲ, ಹೊಡಿ," ಎಂದರು.

ಭಾನುವಾರ ಸಂಜೆ ಹೊಡೆದೆ. ಈಗ ಡಬ್ಬಿ ಕಳಿಸಿ ತಾರಸಿಗೆ ಹೋದರೆ, ಅತ್ತೆ ಪೂಜೆಯ ನೀರಿಗೆ ಇನ್ನೊಂದು ಚೊಂಬು ಬೆರೆಸಿ ಕೋಸಿನ ನೆತ್ತಿಗೇ ಸುರಿಯುತ್ತಿದ್ದಾರೆ. ಆ ನೀರನ್ನು ತುಳಿಯುವ ಕಡೆ ಚೆಲ್ಲುವಂತಿಲ್ಲ, ಹಾಗಾಗಿ ದಿನವೂ ಗಿಡಕ್ಕೇ. ಔಷಧಿ ಹೊಡೆಯುವಾಗ ಅದು ನನಗೆ ಹೊಳೆದೇ ಇರಲಿಲ್ಲ.

"ಅತ್ತೆ, ಔಷಧಿಯೆಲ್ಲ ತೊಳೆದುಹೋಯ್ತಲ್ಲ."

"ಹೋಗ್ಲಿ ಬಿಡು. ಅದೇನ್ ಔಷಧ? ಹುಳ ಹಂಗ ಕುಂತಾವ ನೋಡು." ಅಷ್ಟು ಹೇಳಿದರೂ ಅವರ ಮುಖ ಸಣ್ಣದಾಯಿತು. ಕೈಯಲ್ಲಿನ ಚೊಂಬು ಕೆಳಗಿಟ್ಟು, ಒಂದು ಎಲೆಯನ್ನು ಸೆರಗಿನಿಂದ ಒರೆಸಿದರು, ಮಗುವಿನ ಮೂಗು ಒರೆಸುವ ಹಾಗೆ.

ಸಂಜೆ ಬಟ್ಟೆ ತೆಗೆಯಲು ಮೇಲೆ ಹೋದಾಗ ನಾನು ಬಗ್ಗಿ ನೋಡಿದೆ. ಹುಳುಗಳು ಅಲ್ಲೇ ಇದ್ದವು. ಆದರೆ ಬೆಳಿಗ್ಗೆ ತೊಳೆದ ಎಲೆ ತೊಳೆದ ಹಾಗೇ ಇತ್ತು. ಮಾಮೂಲಿಯಾಗಿ ಸಂಜೆಯ ಹೊತ್ತಿಗೆ ಗಸಗಸೆಯಂತೆ ಬಿದ್ದಿರುವ ಹಸಿರು ಹಿಕ್ಕೆ ಇರಲಿಲ್ಲ. ಹೊಸ ತೂತೂ ಇಲ್ಲ. ನೀರು ಬೀಳುವ ಮುಂಚೆಯೇ, ರಾತ್ರಿಯಿಡೀ, ಅವು ಎಲೆಯೊಂದಿಗೆ ಔಷಧಿಯನ್ನೂ ತಿಂದು ಮುಗಿಸಿದ್ದವು. ಕರುಳು ಕೆಟ್ಟ ಹುಳು ಮೊದಲು ತಿನ್ನುವುದನ್ನು ಬಿಡುತ್ತದೆ. ಸಾಯುವುದು ಎರಡು ಮೂರು ದಿನ ಬಿಟ್ಟು.

ಅತ್ತೆಯನ್ನು ಕರೆದು ತೋರಿಸಿದೆ. ಕನ್ನಡಕ ಸರಿಮಾಡಿಕೊಂಡು ಒಂದೊಂದೇ ಎಲೆ ಮಗುಚಿ ನೋಡಿದರು.

"ಮೊಟ್ಟೆಯಿಂದ ಇನ್ನೂ ಮರಿ ಬರ್ತವೆ ಅತ್ತೆ, ಇನ್ನೊಂದ್ಸಲ ಹೊಡೀಬೇಕು."

"ಹೊಡಿ. ನಾಳಿಂದ ನೀರು ಬುಡಕ್ಕಷ್ಟ ಹಾಕ್ತೀನಿ."

ಅಷ್ಟರಲ್ಲಿ ಓನರ್ ಆಂಟಿ ಒಣಗಿದ ಮೆಣಸಿನಕಾಯಿ ಎತ್ತಿಕೊಳ್ಳಲು ಬಂದರು. ಹೊಲದಲ್ಲೇ ಬೆಳೆದವರು, ನಾವಿಬ್ಬರೂ ಕೋಸಿಗೆ ಮುಖವಿಟ್ಟು ನಿಂತಿದ್ದು ನೋಡಿ ಅವರಿಗೆ ನಗು.

"ಏನಮ್ಮ, ಅಂಗೆ ನೋಡ್ತಾ ಇದೀರಾ?"

"ಹುಳ ತಿನ್ನೋದು ಬಿಟ್ಟಿದೆ ಆಂಟಿ."

ಅವರು ಮೊರವನ್ನು ಸೊಂಟಕ್ಕೇರಿಸಿ ಮೆಟ್ಟಿಲಿಳಿಯುತ್ತಲೇ ಅಂದರು: "ಸ್ವಾಮವಾರ ಅಲ್ವಾ, ನಿಮ್ಮತ್ತೆ ಜೊತೆ ಅವೂ ಒಪ್ಪೊತ್ತು ಇಡ್ದಿರ್ತವೆ ಬುಡಿ."